ಏಟಿಗೆ ಜಗ್ಗದ ಎದುರಾಳಿಯನ್ನು ಎದುರಿಸುವ ಬಗೆ

ಹಾಸನದ ಮನೆಯಲ್ಲಿ ಮಳೆಗಾಲದ ಸಂಜೆ ಕಾಳಗದ ವಿಡಿಯೋ ಗೇಮ್ ಆಡುವಾಗ, ತಮ್ಮನ ಪಾತ್ರ ನನ್ನ ಗುದ್ದು ತಿಂದೂ ಹಿಮ್ಮೆಟ್ಟದೆ ತಿರುಗಿ ಹೊಡೆಯುವುದನ್ನು ಮೋಸವೆಂದೇ ಭಾವಿಸಿದ್ದೆ. ಅದು ‘ಸೂಪರ್ ಆರ್ಮರ್’ ಎಂಬ, ಏಟು ಬಿದ್ದರೂ ದಾಳಿ ನಿಲ್ಲದಂತೆ ಕಾಯುವ ಕವಚದಂಥ ಗುಣವೆಂದು ಅವನು ಮೊದಲೇ ಹೇಳಬಹುದಿತ್ತು. 2023ರ ‘ಸ್ಟ್ರೀಟ್ ಫೈಟರ್ 6’ ಆಟದ ‘ಡ್ರೈವ್ ಇಂಪ್ಯಾಕ್ಟ್’ ಎಂಬ ದಾಳಿ ಇಂಥ ಕವಚದಿಂದ ಎರಡು ಏಟುಗಳನ್ನು ತಾಳಿಕೊಳ್ಳುತ್ತದೆ. ಆದ್ದರಿಂದ ಒಂದೇ ಭಾರಿ ಹೊಡೆತವನ್ನು ನೆಚ್ಚದೆ, ಅದು ಹೊರಟದ್ದು ಕಂಡೊಡನೆ ಮೂರು ಏಟುಗಳನ್ನು ವೇಗವಾಗಿ ಪೋಣಿಸಿ, ಇಲ್ಲವೇ ಹತ್ತಿರವಿದ್ದರೆ ಹಿಡಿದು ಎಸೆಯಿರಿ, ಏಕೆಂದರೆ ಎಸೆತದ ಮುಂದೆ ಆ ಕವಚ ನಿಲ್ಲುವುದಿಲ್ಲ. ನೀವೂ ಅದನ್ನೇ ತಿರುಗಿ ಪ್ರಯೋಗಿಸಿದರೆ ಸಾಮಾನ್ಯವಾಗಿ ತಡವಾಗಿ ಹೊರಟದ್ದೇ ಗೆಲ್ಲುತ್ತದೆ. ಮೂಲೆಗೆ ಸಿಕ್ಕಾಗ ಮಾತ್ರ ಸುಮ್ಮನೆ ತಡೆಯಬೇಡಿ. ತಡೆದರೂ ಗೋಡೆಗೆ ಅಪ್ಪಳಿಸಿ ಮುಂದಿನ ಏಟಿಗೆ ಸಿಲುಕುತ್ತೀರಿ. ಅಭ್ಯಾಸದ ವಿಭಾಗದಲ್ಲಿ ಎದುರಿನ ಪಾತ್ರಕ್ಕೆ ಈ ದಾಳಿಯನ್ನು ಕಲಿಸಿಟ್ಟು, ಬೆರಳು ಪಳಗುವವರೆಗೆ ಉತ್ತರಿಸಿ ನೋಡಿ.