ಬಳಸದ ಕ್ರೆಡಿಟ್ ಕಾರ್ಡ್ ಕ್ಲೋಸ್ ಮಾಡಿಸುವ ಮುನ್ನ ಈ ಲೆಕ್ಕ ಹಾಕಿ

ಬೀರುವಿನಲ್ಲಿ ಒಂದು ಕ್ರೆಡಿಟ್ ಕಾರ್ಡ್ ಸುಮ್ನೆ ಬಿದ್ದಿದೆ. ಯಾವಾಗಲೋ ಸ್ಯಾಲರಿ ಅಕೌಂಟ್ ಜೊತೆ ಬಂದದ್ದು. ಇಲ್ಲವೇ ಮಾಲ್‌ನಲ್ಲಿ ಕೌಂಟರ್ ಹಾಕಿಕೊಂಡು ನಿಂತಿದ್ದ ಹುಡುಗನ ಒತ್ತಾಯಕ್ಕೆ ತೆಗೆದುಕೊಂಡದ್ದು. ಈಗ ಎಲ್ಲದಕ್ಕೂ ಯುಪಿಐ ಇದೆ, ಕಾರ್ಡ್ ಹೊರಗೆ ಬರುವುದೇ ಇಲ್ಲ. ಕ್ಲೋಸ್ ಮಾಡಿಸೋಣ ಅಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಆ ಕಡೆಯಿಂದ ಬರುವ ಮೊದಲ ಮಾತು, 'ಸಿಬಿಲ್ ಸ್ಕೋರ್ ಬೀಳುತ್ತೆ ಮೇಡಂ, ಇಟ್ಕೊಳ್ಳಿ.'

ಸಾಲ ಕೊಡುವ ಮುನ್ನ ಬ್ಯಾಂಕ್‌ಗಳು ನೋಡುವ ಅಂಕ ಅದು. ಬೀಳಬಹುದು, ನಿಜ. ಆದರೆ ಎಷ್ಟು ಬೀಳುತ್ತದೆ ಅನ್ನುವುದು ನಿಮ್ಮ ಬಳಿ ಇರುವ ಉಳಿದ ಕಾರ್ಡ್‌ಗಳ ಮೇಲೆ, ಅವುಗಳಲ್ಲಿ ನೀವು ಮಾಡುವ ಖರ್ಚಿನ ಮೇಲೆ ನಿಂತಿದೆ. ಕೆಲವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಗೃಹಸಾಲಕ್ಕೆ ಅರ್ಜಿ ಹಾಕುವ ತಿಂಗಳಲ್ಲೇ ಏಟು ಬೀಳುತ್ತದೆ. ನಿಜವಾಗಿ ಭಯಪಡಬೇಕಾದದ್ದು ಕಾರ್ಡ್ ಮುಚ್ಚುವುದಕ್ಕಲ್ಲ, ಅರ್ಧಂಬರ್ಧ ಮುಚ್ಚುವುದಕ್ಕೆ. ಅದರ ಮಾತು ಮುಂದೆ ಬರುತ್ತದೆ.

ಮೊದಲು ರಿಪೋರ್ಟ್ ತೆಗೆಯಿರಿ

ನಮ್ಮ ದೇಶದಲ್ಲಿ ಸಾಲದ ಚರಿತ್ರೆ ಇಟ್ಟುಕೊಳ್ಳುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಸಿಬಿಲ್ ಮೊದಲು ಬಂದದ್ದರಿಂದ ಸ್ಕೋರ್ ಅಂದರೆ ಸಿಬಿಲ್ ಅನ್ನುವ ರೂಢಿ ಬಂದಿದೆ. 300ರಿಂದ 900ರವರೆಗಿನ ಅಂಕ ಅದು. ರಿಸರ್ವ್ ಬ್ಯಾಂಕ್ ನಿಯಮದಂತೆ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ನಿಮಗೆ ಉಚಿತವಾಗಿ ಕೊಡಲೇಬೇಕು. ಅವರವರ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ನಿಮ್ಮ ಸ್ಕೋರ್ ನೀವೇ ನೋಡಿಕೊಂಡರೆ ಅದು ಕಡಿಮೆಯಾಗುವುದಿಲ್ಲ. ಬ್ಯಾಂಕ್ ಹೊಸ ಸಾಲಕ್ಕಾಗಿ ನೋಡಿದಾಗ ಮಾತ್ರ ಅದು ವಿಚಾರಣೆ ಅಂತ ದಾಖಲಾಗುತ್ತದೆ.

ರಿಪೋರ್ಟ್‌ನಲ್ಲಿ ನಿಮ್ಮ ಪ್ರತಿ ಕಾರ್ಡ್‌ಗೂ ಒಂದೊಂದು ಭಾಗ ಇರುತ್ತದೆ. ಅಲ್ಲಿಂದ ಮೂರು ವಿಷಯ ಬರೆದುಕೊಳ್ಳಿ: ಕಾರ್ಡ್ ತೆರೆದ ದಿನಾಂಕ, ಲಿಮಿಟ್, ಬಾಕಿ. ಇಷ್ಟು ಸಾಕು. ಹಾಗೇ ಕಣ್ಣಾಡಿಸುವಾಗ ನೀವು ಮರೆತೇ ಹೋಗಿದ್ದ ಇನ್ನೊಂದು ಕಾರ್ಡ್ ಕಾಣಿಸಿಕೊಂಡರೆ ಆಶ್ಚರ್ಯಪಡಬೇಡಿ.

ಲಿಮಿಟ್ ಲೆಕ್ಕ

ಸ್ಕೋರ್‌ಗೆ ಪೆಟ್ಟು ಬೀಳುವ ಮುಖ್ಯ ದಾರಿ ಇದೇ. ನಿಮಗೆ ಸಿಕ್ಕಿರುವ ಒಟ್ಟು ಲಿಮಿಟ್‌ನಲ್ಲಿ ಎಷ್ಟು ಭಾಗ ಬಳಸುತ್ತಿದ್ದೀರಿ ಅನ್ನುವುದನ್ನು ಕ್ರೆಡಿಟ್ ಯುಟಿಲೈಸೇಷನ್ ಅನ್ನುತ್ತಾರೆ. 30 ಪರ್ಸೆಂಟ್ ಒಳಗಿದ್ದರೆ ಒಳ್ಳೆಯದು ಅಂತ ಎಲ್ಲ ಕಡೆ ಹೇಳುತ್ತಾರೆ. ಅದು ಕಾನೂನೇನಲ್ಲ, 31 ಆದ ತಕ್ಷಣ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಲಿಮಿಟ್ ಅಂಚಿಗೆ ಹೋದಷ್ಟೂ 'ಇವರಿಗೆ ಹಣದ ಬಿಗಿ ಇದೆ' ಅನ್ನುವ ಲೆಕ್ಕ ಬ್ಯಾಂಕಿನವರದು.

ಮೈಸೂರಿನ ಒಬ್ಬ ಲೆಕ್ಚರರ್ ಬಳಿ ಮೂರು ಕಾರ್ಡ್ ಇವೆ ಅಂತ ಇಟ್ಟುಕೊಳ್ಳಿ. 2013ರಲ್ಲಿ ತೆಗೆದುಕೊಂಡದ್ದಕ್ಕೆ ಲಿಮಿಟ್ ₹1,50,000. 2019ರದ್ದಕ್ಕೆ ₹1,00,000. 2022ರದ್ದಕ್ಕೆ ₹50,000. ಒಟ್ಟು ಮೂರು ಲಕ್ಷ. ತಿಂಗಳಿಗೆ ಕಾರ್ಡ್‌ನಲ್ಲಿ ಖರ್ಚು ₹45,000. ಅಂದರೆ 15 ಪರ್ಸೆಂಟ್. ಆರಾಮ.

ಈಗ ಅವರು ಬಳಸದೇ ಇರುವುದು 2013ರ ಕಾರ್ಡ್. ಅದನ್ನು ಮುಚ್ಚಿದರೆ ಉಳಿಯುವ ಲಿಮಿಟ್ ಒಂದೂವರೆ ಲಕ್ಷ. ಖರ್ಚು ಒಂದು ರೂಪಾಯಿಯೂ ಹೆಚ್ಚಾಗಿಲ್ಲ, ಆದರೂ ಪ್ರಮಾಣ 30 ಪರ್ಸೆಂಟ್‌ಗೆ ಏರಿತು. ಜೂನ್ ತಿಂಗಳು ಬಂತು, ಮಕ್ಕಳ ಸ್ಕೂಲ್ ಫೀಸು, ಇನ್ಶೂರೆನ್ಸ್ ಕಂತು ಸೇರಿ ₹75,000 ಆಯಿತು ಅಂದರೆ 50 ಪರ್ಸೆಂಟ್! ಮೂರು ಕಾರ್ಡ್ ಇದ್ದಿದ್ದರೆ ಅದೇ ಖರ್ಚು 25 ಪರ್ಸೆಂಟ್ ಆಗುತ್ತಿತ್ತು.

ಅದೇ ಅವರು 2022ರ ಚಿಕ್ಕ ಕಾರ್ಡ್ ಮುಚ್ಚಿ, ಆ ಖರ್ಚನ್ನು ಬೇರೆ ಎರಡಕ್ಕೆ ಹಾಕಿಕೊಂಡರೆ? ಲಿಮಿಟ್ ಎರಡೂವರೆ ಲಕ್ಷ, ಪ್ರಮಾಣ 18 ಪರ್ಸೆಂಟ್. ಸ್ಕೋರ್‌ಗೆ ಗೊತ್ತೂ ಆಗುವುದಿಲ್ಲ ಅನ್ನಬಹುದು. ಹೀಗೆ ನಿಮ್ಮ ಕಾರ್ಡ್‌ಗಳನ್ನು ಒಂದು ಹಾಳೆಯ ಮೇಲೆ ಬರೆದು, ಒಂದೊಂದನ್ನೇ ಹೊಡೆದುಹಾಕಿ ನೋಡಿ. ಖರ್ಚು ಜಾಸ್ತಿ ಇರುವ ತಿಂಗಳಿನ ಲೆಕ್ಕವನ್ನೇ ಹಿಡಿಯಿರಿ, ಸರಾಸರಿ ಬೇಡ.

ಸಮಾಧಾನದ ಸಂಗತಿ ಏನೆಂದರೆ ಈ ಪೆಟ್ಟು ಶಾಶ್ವತ ಅಲ್ಲ. ಬಾಕಿ ಇಳಿದರೆ, ಅಥವಾ ಇನ್ನೊಂದು ಕಾರ್ಡ್‌ನ ಲಿಮಿಟ್ ಏರಿದರೆ, ಪ್ರಮಾಣ ಮತ್ತೆ ಇಳಿಯುತ್ತದೆ. ಬ್ಯಾಂಕ್‌ಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಈ ಮಾಹಿತಿಯನ್ನು ಸಿಬಿಲ್‌ನಂಥ ಕಂಪನಿಗಳಿಗೆ ಕಳಿಸಬೇಕು ಅನ್ನುವ ನಿಯಮ 2025ರ ಜನವರಿಯಲ್ಲಿ ಬಂತು, ಹಾಗಾಗಿ ಬದಲಾವಣೆ ರಿಪೋರ್ಟ್‌ಗೆ ಬೇಗ ಬರುತ್ತದೆ. ಬಿಲ್ ಆಗುವ ಮೊದಲೇ ಒಂದಷ್ಟು ಹಣ ಕಟ್ಟಿಬಿಡುವುದು ಇಲ್ಲಿ ಒಳ್ಳೆಯ ಉಪಾಯ.

ಹಳೆಯ ಕಾರ್ಡ್ ಅನ್ನುವ ಮಮಕಾರ

'ಮೊದಲ ಕಾರ್ಡ್ ಯಾವತ್ತೂ ಮುಚ್ಚಬೇಡಿ' ಅನ್ನುವ ಸಲಹೆ ನೀವೂ ಕೇಳಿರುತ್ತೀರಿ. ಸಾಲದ ಚರಿತ್ರೆ ಎಷ್ಟು ಹಳೆಯದು ಅನ್ನುವುದು ಸ್ಕೋರ್‌ನಲ್ಲಿ ಸೇರುತ್ತದೆ, ಹೌದು. ಆದರೆ ಕಾರ್ಡ್ ಮುಚ್ಚಿದ ದಿನವೇ ಅದರ ಚರಿತ್ರೆ ಅಳಿಸಿ ಹೋಗುವುದಿಲ್ಲ. ಸಾಲದ ಮಾಹಿತಿಯನ್ನು ಈ ಕಂಪನಿಗಳು ಕಡಿಮೆ ಅಂದರೂ ಏಳು ವರ್ಷ ಇಟ್ಟುಕೊಳ್ಳಬೇಕು. ನೀವು ಸರಿಯಾಗಿ ಕಟ್ಟಿದ ಹಳೆಯ ಕಾರ್ಡ್, 'ಕ್ಲೋಸ್ಡ್' ಅನ್ನುವ ಪಟ್ಟಿ ಹಚ್ಚಿಕೊಂಡು ರಿಪೋರ್ಟ್‌ನಲ್ಲಿ ಇನ್ನೂ ಇರುತ್ತದೆ.

ಅಂದಹಾಗೆ, ಸ್ಕೋರ್‌ನಲ್ಲಿ ಯಾವುದಕ್ಕೆ ಎಷ್ಟು ತೂಕ ಅಂತ ಹೇಳುವ 35, 30, 15, 10, 10 ಅನ್ನುವ ಪರ್ಸೆಂಟ್ ಪಟ್ಟಿ ವಾಟ್ಸ್ಆ್ಯಪ್‌ನಲ್ಲೂ ಯೂಟ್ಯೂಬ್‌ನಲ್ಲೂ ಓಡಾಡುತ್ತಿರುತ್ತದೆ. ಅದು ಅಮೆರಿಕದ ಫೈಕೋ ಸ್ಕೋರ್‌ನದ್ದು. ಸಿಬಿಲ್ ತನ್ನ ಪೂರ್ತಿ ಸೂತ್ರವನ್ನು ಹೊರಗೆ ಬಿಟ್ಟಿಲ್ಲ. ಹಾಗಾಗಿ 'ಕಾರ್ಡ್ ಮುಚ್ಚಿದರೆ ಇಷ್ಟೇ ಪಾಯಿಂಟ್ ಬೀಳುತ್ತೆ' ಅಂತ ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ಕೆಲಸದ ಮೇಲೆ ಅಮೆರಿಕಕ್ಕೆ ಹೊರಟವರಿಗೂ ಒಂದು ಮಾತು: ಇಲ್ಲಿನ ಸ್ಕೋರ್ ಅಲ್ಲಿನ ಸ್ಕೋರ್‌ಗೆ ಸೇರುವುದಿಲ್ಲ. ವಾಪಸ್ ಬಂದು ಮನೆ ಕಟ್ಟುವ ಯೋಚನೆ ಇದ್ದರೆ ಇಲ್ಲೊಂದು ಕಾರ್ಡ್ ಜೀವಂತ ಇಟ್ಟಿರುವುದು ಜಾಣತನ.

ಸಾಲದ ಚರಿತ್ರೆಯ ವಯಸ್ಸಿನ ಲೆಕ್ಕ ನಿಜವಾಗಿ ಯೋಚಿಸುವಂತೆ ಮಾಡಬೇಕಾದದ್ದು ಒಂದೇ ಕಾರ್ಡ್ ಇರುವವರನ್ನು. ಬೇರೆ ಸಾಲವೂ ಇಲ್ಲ, ಇರುವ ಒಂದು ಕಾರ್ಡ್ ಕೂಡ ಮುಚ್ಚಿದರು ಅಂದರೆ, ಮುಂದೆ ಅವರ ಬಗ್ಗೆ ಹೊಸ ಮಾಹಿತಿಯೇ ಹೋಗುವುದಿಲ್ಲ. ಅಂಥವರು ಇನ್ನೊಂದು ಕಾರ್ಡ್ ಕೈಗೆ ಬರುವವರೆಗೆ ಕಾಯುವುದು ಮೇಲು.

ಮುಚ್ಚಲೇಬೇಕೆ?

ಆರು ತಿಂಗಳೊಳಗೆ ಗೃಹಸಾಲವೋ ಕಾರ್ ಲೋನೋ ತೆಗೆಯುವ ಅಂದಾಜಿದ್ದರೆ ಈಗ ಮುಟ್ಟಬೇಡಿ. ಸಾಲ ಮಂಜೂರಾಗಿ ಹಣ ಕೈಗೆ ಬಂದ ಮೇಲೆ ನೋಡಿಕೊಳ್ಳಿ.

ವಾರ್ಷಿಕ ಶುಲ್ಕವೇ ನಿಮ್ಮ ತಕರಾರಾದರೆ, ಮೊದಲು ಬ್ಯಾಂಕಿಗೆ ಎರಡು ಪ್ರಶ್ನೆ ಕೇಳಿ. ಒಂದು, ಶುಲ್ಕವಿಲ್ಲದ ಕಾರ್ಡ್‌ಗೆ ಬದಲಾಯಿಸಿಕೊಡುತ್ತೀರಾ? ಎರಡು, ಅದೇ ಬ್ಯಾಂಕಿನ ಇನ್ನೊಂದು ಕಾರ್ಡ್ ನನ್ನ ಬಳಿ ಇದ್ದರೆ ಈ ಲಿಮಿಟನ್ನು ಅದಕ್ಕೆ ಸೇರಿಸುತ್ತೀರಾ? ಎರಡನೆಯದಕ್ಕೆ ಹೌದು ಅಂದರೆ ಯುಟಿಲೈಸೇಷನ್ ಸಮಸ್ಯೆಯೇ ಇರುವುದಿಲ್ಲ. ಎಲ್ಲ ಬ್ಯಾಂಕ್‌ಗಳೂ ಒಪ್ಪುವುದಿಲ್ಲ, ಕೇಳುವುದಕ್ಕೆ ಖರ್ಚೇನಿಲ್ಲ.

ಶುಲ್ಕವೂ ಇಲ್ಲ, ತೊಂದರೆಯೂ ಇಲ್ಲ ಅನ್ನುವ ಕಾರ್ಡ್ ಆದರೆ ಇಟ್ಟುಕೊಳ್ಳಬಹುದು. ಆದರೆ ಬೀರುವಿನಲ್ಲಿ ಹಾಗೇ ಬಿಡುವಂತಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡನ್ನು ಬ್ಯಾಂಕ್ ನಿಮಗೆ ತಿಳಿಸಿ ಮುಚ್ಚುವ ಪ್ರಕ್ರಿಯೆ ಶುರು ಮಾಡಬಹುದು. 30 ದಿನದಲ್ಲಿ ನೀವು ಉತ್ತರ ಕೊಡದಿದ್ದರೆ, ಬಾಕಿ ಇಲ್ಲದಿದ್ದಲ್ಲಿ, ಅವರೇ ಮುಚ್ಚುತ್ತಾರೆ. ಆ ಸೂಚನೆ ನಿಮ್ಮ ಹಳೆಯ ಮೊಬೈಲ್ ನಂಬರ್‌ಗೆ ಹೋಗಿದ್ದರೆ ಮುಗಿಯಿತು. ಮೂರ್ನಾಲ್ಕು ತಿಂಗಳಿಗೊಮ್ಮೆ ಒಂದು ಮೊಬೈಲ್ ರೀಚಾರ್ಜೋ ಕರೆಂಟ್ ಬಿಲ್ಲೋ ಅದರಲ್ಲಿ ಕಟ್ಟಿ, ಬಿಲ್ ಬಂದಾಗ ತೀರಿಸಿ. ಅಷ್ಟು ಸಾಕು.

ಸರಿ, ಮುಚ್ಚುವುದೇ ಅಂದುಕೊಂಡಿರಿ

ಇಲ್ಲಿಂದ ಮುಂದೆ ಆತುರ ಬೇಡ. ಕ್ರಮ ಮುಖ್ಯ.

1. ಆಟೊ ಡೆಬಿಟ್‌ಗಳನ್ನು ಹುಡುಕಿ. ಓಟಿಟಿ ಚಂದಾ, ಇನ್ಶೂರೆನ್ಸ್, ಮೊಬೈಲ್ ಪೋಸ್ಟ್‌ಪೇಯ್ಡ್, ಯಾವುದೋ ಕಾಲದಲ್ಲಿ ಹಾಕಿದ ಆ್ಯಪ್. ಎಲ್ಲವನ್ನೂ ಬೇರೆ ಕಾರ್ಡ್‌ಗೆ ಬದಲಿಸಿ, ಹಳೆಯ ಒಪ್ಪಿಗೆಗಳನ್ನು ರದ್ದು ಮಾಡಿ. ಕಳೆದ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ನೋಡಿದರೆ ವರ್ಷಕ್ಕೊಮ್ಮೆ ಬರುವಂಥವೂ ಸಿಗುತ್ತವೆ.

2. ಇಎಂಐ ಉಳಿದಿದೆಯಾ ನೋಡಿ. ಕಾರ್ಡ್‌ನಲ್ಲಿ ಫೋನೋ ಫ್ರಿಜ್ಜೋ ಕಂತಿನಲ್ಲಿ ಕೊಂಡಿದ್ದರೆ ಉಳಿದ ಕಂತುಗಳನ್ನೆಲ್ಲ ಒಟ್ಟಿಗೆ ತೀರಿಸಬೇಕಾಗುತ್ತದೆ. ಅದಕ್ಕೆ ಶುಲ್ಕ, ಮೇಲೆ ಜಿಎಸ್‌ಟಿ ಬೀಳಬಹುದು. ಕೊನೆಯ ಎರಡು ಮೂರು ಕಂತಷ್ಟೇ ಇದ್ದರೆ ಮುಗಿಸಿಯೇ ಕ್ಲೋಸ್ ಮಾಡಿಸುವುದು ಲಾಭ.

3. ರಿವಾರ್ಡ್ ಪಾಯಿಂಟ್ ಬಳಸಿಬಿಡಿ. ಕಾರ್ಡ್ ಮುಚ್ಚಿದ ಮೇಲೆ ಅವು ಸಾಮಾನ್ಯವಾಗಿ ಸಿಗುವುದಿಲ್ಲ. ಹೆಂಡತಿಗೋ ಮಗನಿಗೋ ಆ್ಯಡ್‌ಆನ್ ಕಾರ್ಡ್ ಕೊಡಿಸಿದ್ದರೆ ಅವರಿಗೆ ಮೊದಲೇ ಹೇಳಿಡಿ, ಅದೂ ನಿಲ್ಲುತ್ತದೆ.

4. ಬಾಕಿ ಸೊನ್ನೆ ಮಾಡಿ. ಬಿಲ್ ಆದ ಹಣವಷ್ಟೇ ಅಲ್ಲ, ಇನ್ನೂ ಬಿಲ್ ಆಗದ ಹಣವನ್ನೂ ಸೇರಿಸಿ ಕೇಳಿ. ಹೆಚ್ಚು ಕಟ್ಟಿದರೂ ಚಿಂತೆಯಿಲ್ಲ, ಕಾರ್ಡ್ ಮುಚ್ಚಿದ ಮೇಲೆ ಉಳಿದ ಹಣವನ್ನು ಬ್ಯಾಂಕ್ ನಿಮ್ಮ ಖಾತೆಗೆ ಹಾಕಬೇಕು.

ಈ ನಾಲ್ಕನೆಯ ಹಂತದಲ್ಲೇ ಜನ ಎಡವುವುದು. ಅರ್ಧಂಬರ್ಧ ಮುಚ್ಚುವುದು ಅಂತ ಮೊದಲು ಹೇಳಿದ್ದು ಇದನ್ನೇ. ಕಾರ್ಡ್ ಬಳಸಿಲ್ಲ, ಹಾಗಾದರೆ ಬಾಕಿ ಎಲ್ಲಿಂದ ಬರಬೇಕು ಅಂದುಕೊಳ್ಳುತ್ತಾರೆ. ವಾರ್ಷಿಕ ಶುಲ್ಕ ₹499 ಅಂತ ಇದ್ದರೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ ₹588.82 ತಾನಾಗಿ ಬಿಲ್ ಆಗುತ್ತದೆ. ಸ್ಟೇಟ್‌ಮೆಂಟ್ ಹಳೆಯ ಇಮೇಲ್‌ಗೆ ಹೋಗಿರುತ್ತದೆ. ಕಟ್ಟದೇ ಇದ್ದರೆ ತಡವಾದ ಶುಲ್ಕ ಸೇರುತ್ತದೆ. ಕೊನೆ ದಿನಾಂಕ ಕಳೆದು ಮೂರು ದಿನ ದಾಟಿತೋ, ಬಾಕಿದಾರರು ಅಂತ ವರದಿ ಮಾಡಲು ಬ್ಯಾಂಕಿಗೆ ಅವಕಾಶವಿದೆ. ಸಕಾಲಕ್ಕೆ ಕಟ್ಟಿದಿರಾ ಇಲ್ಲವಾ ಅನ್ನುವುದಕ್ಕೆ ಸ್ಕೋರ್‌ನಲ್ಲಿ ದೊಡ್ಡ ಬೆಲೆ. ಆರುನೂರು ರೂಪಾಯಿ ಒಳಗಿನ ಈ ಬಾಕಿ, ಲಿಮಿಟ್ ಕಡಿಮೆಯಾದದ್ದಕ್ಕಿಂತ ಎಷ್ಟೋ ಪಾಲು ಕೆಟ್ಟ ಗುರುತು ಬಿಡುತ್ತದೆ. ತಿಂಗಳು ತಿಂಗಳಿನ ಪಾವತಿ ಚರಿತ್ರೆ ಸಿಬಿಲ್ ರಿಪೋರ್ಟ್‌ನಲ್ಲಿ 36 ತಿಂಗಳವರೆಗೂ ಕಾಣಿಸುತ್ತದೆ.

ಇನ್ನೊಂದು ಬಲೆ ಇದೆ. ಇಂಥ ಬಾಕಿ ಬೆಳೆದು ಐದಾರು ಸಾವಿರ ಆದಾಗ ವಸೂಲಿಯವರು ಫೋನ್ ಮಾಡಿ 'ಅರ್ಧ ಕಟ್ಟಿ, ಸೆಟಲ್ ಮಾಡಿಬಿಡೋಣ' ಅನ್ನುತ್ತಾರೆ. ಒಪ್ಪಬೇಡಿ. 'ಸೆಟಲ್ಡ್' ಮತ್ತು 'ಕ್ಲೋಸ್ಡ್' ಬೇರೆ ಬೇರೆ. ಸೆಟಲ್ಡ್ ಅಂದರೆ ಪೂರ್ತಿ ಕಟ್ಟಲಿಲ್ಲ, ಬ್ಯಾಂಕ್ ಒಂದು ಪಾಲು ಬಿಟ್ಟುಕೊಟ್ಟಿತು ಅಂತ ಅರ್ಥ. ಮುಂದೆ ಸಾಲ ಕೊಡುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಶುಲ್ಕ ತಪ್ಪಾಗಿ ಹಾಕಿದ್ದರೆ ಅದನ್ನು ವಾಪಸ್ ಪಡೆಯಲು ಬರವಣಿಗೆಯಲ್ಲಿ ಜಗಳ ಆಡಿ. ಇಲ್ಲವಾದರೆ ಪೂರ್ತಿ ಕಟ್ಟಿ.

5. ಅರ್ಜಿ ಕೊಡಿ. ಸಹಾಯವಾಣಿ, ಇಮೇಲ್, ವೆಬ್‌ಸೈಟ್, ನೆಟ್ ಬ್ಯಾಂಕಿಂಗ್, ಮೊಬೈಲ್ ಆ್ಯಪ್ ಮುಂತಾದ ಹಲವು ದಾರಿಗಳನ್ನು ಬ್ಯಾಂಕ್ ಕೊಟ್ಟಿರಬೇಕು. 'ಪತ್ರ ಬರೆದು ಪೋಸ್ಟ್‌ನಲ್ಲಿ ಕಳಿಸಿ' ಅಂತ ಒತ್ತಾಯ ಮಾಡುವ ಹಾಗಿಲ್ಲ. ಫೋನಿಗಿಂತ ಇಮೇಲ್ ಅಥವಾ ಆ್ಯಪ್ ಒಳ್ಳೆಯದು, ದಾಖಲೆ ಉಳಿಯುತ್ತದೆ. ಅರ್ಜಿ ಸಂಖ್ಯೆ, ದಿನಾಂಕ ಎತ್ತಿಟ್ಟುಕೊಳ್ಳಿ.

ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಕಾರ್ಡ್ ಮುಚ್ಚಬೇಕು. ತಡವಾದರೆ ದಿನಕ್ಕೆ ₹500ರಂತೆ ಬ್ಯಾಂಕ್ ನಿಮಗೇ ಕಟ್ಟಿಕೊಡಬೇಕು. ಈ ನಿಯಮ ಬಹಳ ಜನಕ್ಕೆ ಗೊತ್ತಿಲ್ಲ. 'ಇನ್ನೊಂದು ಆಫರ್ ಇದೆ ಸರ್, ನಾಳೆ ಮ್ಯಾನೇಜರ್ ಕಾಲ್ ಮಾಡ್ತಾರೆ' ಅಂತ ಎಳೆದಾಡುವಾಗ ಇದನ್ನು ಒಮ್ಮೆ ನೆನಪಿಸಿ ನೋಡಿ, ಮಾತಿನ ಧಾಟಿ ಬದಲಾಗಬಹುದು.

6. ಕಾಗದ ಪಡೆಯಿರಿ. ಕಾರ್ಡ್ ಮುಚ್ಚಿದೆ, ಬಾಕಿ ಏನೂ ಇಲ್ಲ ಅನ್ನುವ ನೋ ಡ್ಯೂ ಪತ್ರ ಕೇಳಿ, ಪಿಡಿಎಫ್ ಆದರೂ ಸರಿ. ಎಫ್‌ಡಿ ಇಟ್ಟು ತೆಗೆದುಕೊಂಡ ಕಾರ್ಡ್ ಆಗಿದ್ದರೆ ಆ ಎಫ್‌ಡಿ ಮೇಲಿನ ತಡೆ ತೆಗೆದಿದ್ದಾರಾ ಅಂತಲೂ ನೋಡಿ. ಆಮೇಲೆ ಕಾರ್ಡನ್ನು ಚಿಪ್ ಸಮೇತ ಕತ್ತರಿಸಿ.

7. ಒಂದೂವರೆ ತಿಂಗಳು ಬಿಟ್ಟು ಮತ್ತೆ ರಿಪೋರ್ಟ್ ತೆಗೆಯಿರಿ. ಸಿಬಿಲ್‌ನ ಉಚಿತ ರಿಪೋರ್ಟ್ ಈಗಾಗಲೇ ಬಳಸಿದ್ದರೆ ಬೇರೆ ಮೂರರಲ್ಲಿ ಒಂದನ್ನು ನೋಡಬಹುದು. ಕಾರ್ಡ್ ಮುಂದೆ 'ಕ್ಲೋಸ್ಡ್' ಅಂತ, ಬಾಕಿ ಸೊನ್ನೆ ಅಂತ ಇರಬೇಕು.

ಇನ್ನೂ ಚಾಲ್ತಿಯಲ್ಲಿದೆ ಅಂತ ತೋರಿಸುತ್ತಿದ್ದರೆ ರಿಪೋರ್ಟ್ ಕೊಟ್ಟ ಕಂಪನಿಯ ವೆಬ್‌ಸೈಟ್‌ನಲ್ಲೇ ದೂರು ಹಾಕಿ, ನೋ ಡ್ಯೂ ಪತ್ರವನ್ನು ಬ್ಯಾಂಕಿಗೂ ಕಳಿಸಿ. 30 ದಿನದಲ್ಲಿ ಸರಿಯಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ₹100 ಪರಿಹಾರ ನಿಮಗೆ ಬರಬೇಕು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮ ಇದು. ಅಷ್ಟಕ್ಕೂ ಅಲುಗಾಡದಿದ್ದರೆ ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಬ್ಯಾಂಕಿಗೆ ಮೊದಲು ಕೊಟ್ಟ ದೂರಿನ ಪ್ರತಿ ಜೊತೆಗಿರಲಿ, ಅದಿಲ್ಲದಿದ್ದರೆ ಅಲ್ಲಿ ತೆಗೆದುಕೊಳ್ಳುವುದಿಲ್ಲ.