ತಕ್ಕಡಿಯ ಕೀಪ್ಯಾಡ್ ರಿಪೇರಿ: ಬೆಳ್ಳಿ ಎಪಾಕ್ಸಿ ಕೆಲಸ ಮಾಡಿತು

ದಾವಣಗೆರೆಯ ಮಂಡಕ್ಕಿ ಅಂಗಡಿಯೊಂದರ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿಗೆ ಬಂದಿತ್ತು. ಪಾತ್ರೆಯ ತೂಕ ಕಳೆದು ಸೊನ್ನೆ ತೋರಿಸುವ ‘ಟೇರ್’ ಬಟನ್ ಎಷ್ಟು ಒತ್ತಿದರೂ ಕೆಲಸ ಮಾಡುತ್ತಿರಲಿಲ್ಲ. ಬಿಚ್ಚಿ ನೋಡಿದೆ. ಕೀಪ್ಯಾಡಿನ ಪ್ಲಾಸ್ಟಿಕ್ ಹಾಳೆ ಮಡಚುವ ಕಡೆ, ಕರೆಂಟ್ ಹರಿಯಲು ಪ್ರಿಂಟ್ ಮಾಡಿದ ಬೆಳ್ಳಿ ಗೆರೆ ಸಣ್ಣಗೆ ಬಿರುಕು ಬಿಟ್ಟಿತ್ತು.

ಇಲ್ಲಿ ಸೋಲ್ಡರ್, ಅಂದರೆ ಲೋಹ ಕರಗಿಸಿ ಬೆಸೆಯುವುದು, ನಡೆಯುವುದಿಲ್ಲ. ಮಾಮೂಲಿ 63/37 (ತವರ-ಸೀಸದ) ಸೋಲ್ಡರ್ ಕರಗುವುದೇ 183 ಡಿಗ್ರಿ ಸೆಲ್ಸಿಯಸ್‌ಗೆ, ಅದನ್ನು ಕರಗಿಸುವ ಐರನ್ ತುದಿ ಇನ್ನೂ ಜಾಸ್ತಿ ಬಿಸಿ. ಹಾಳೆ ಮುದುಡಿಹೋಗುತ್ತದೆ, ಅಲ್ವಾ? ಅದಕ್ಕೇ ಬೆಳ್ಳಿ ಪುಡಿ ಬೆರೆಸಿದ, ಎರಡು ಟ್ಯೂಬಿನ ಎಪಾಕ್ಸಿ ಅಂಟು ತಂದೆ. ಎರಡನ್ನೂ ಸಮಸಮ ಕಲಸಿ, ಗೆರೆಯ ಅಕ್ಕಪಕ್ಕ ಟೇಪ್ ಅಂಟಿಸಿ, ಸೂಜಿ ತುದಿಯಿಂದ ತೆಳ್ಳಗೆ ಹಚ್ಚಿದೆ. ಟೇಪ್ ಬೇಕೇ ಬೇಕು. ಈ ಅಂಟು ಎಲ್ಲ ದಿಕ್ಕಿಗೂ ಕರೆಂಟ್ ಹರಿಸುತ್ತದೆ, ಪಕ್ಕದ ಗೆರೆಗೆ ತಾಗಿದರೆ ಶಾರ್ಟ್.

ಹಸಿ ಇರುವಾಗಲೇ ಕರೆಂಟ್ ಹರಿಯುತ್ತದಾ ಎಂದು ಮಲ್ಟಿಮೀಟರ್ ಇಟ್ಟು ಸುಮ್ನೆ ಬೇಜಾರಾಗಬೇಡಿ. ಎಪಾಕ್ಸಿ ಗಟ್ಟಿಯಾಗುತ್ತಾ ಕುಗ್ಗಿದಾಗ ಬೆಳ್ಳಿ ಚೂರುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಆಗಲೇ ಕರೆಂಟಿಗೆ ದಾರಿ ಸರಿಯಾಗಿ ಸಿಗುವುದು. ನನಗೆ ತುಂಬಾ ಇಷ್ಟವಾಗಿದ್ದು ಇದೇ. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಮುಟ್ಟದೆ ಬಿಟ್ಟೆ. ಆಮೇಲೆ ಬಿರುಕಿನ ಆಚೀಚೆ ಮೀಟರ್ ಇಟ್ಟರೆ ಬೀಪ್ ಬಂತು, ಅಂದರೆ ಗೆರೆ ಕೂಡಿತ್ತು!

ಒಣಗಿದ ಮೇಲೆ ಇದು ಪೆಡಸು, ಮಡಚಿದರೆ ಒಡೆಯುತ್ತದೆ. ಹಾಗಾಗಿ ಮಡಿಕೆ ಸ್ವಲ್ಪ ಪಕ್ಕಕ್ಕೆ ಬರುವ ಹಾಗೆ ಹಾಳೆಯನ್ನು ಸಡಿಲವಾಗಿ ಕೂರಿಸಿದೆ.