ಮಿಡ್‌ಫೀಲ್ಡರ್ ಆಗಬೇಕಾ? ಸೀಡಾರ್ಫ್ ಆಟ ಹೀಗೆ ನೋಡಿ

ನನ್ನ ಹತ್ತಿರ ಫುಟ್‌ಬಾಲ್ ಕಲಿಯಲು ಬರುವ ಹುಡುಗರಿಗೆ ಮೊದಲು ತೋರಿಸುವುದು ನೆದರ್ಲೆಂಡ್ಸ್‌ನ ಮಿಡ್‌ಫೀಲ್ಡರ್ (ಮೈದಾನದ ನಡುಭಾಗದಲ್ಲಿ ಆಡುವವರು) ಕ್ಲಾರೆನ್ಸ್ ಸೀಡಾರ್ಫ್ ಆಟವನ್ನು. ಹುಟ್ಟಿದ್ದು ಸುರಿನಾಮ್‌ನಲ್ಲಿ, ಆಟ ಕಲಿತದ್ದು ನೆದರ್ಲೆಂಡ್ಸ್‌ನ ಅಯಾಕ್ಸ್ ಕ್ಲಬ್‌ನಲ್ಲಿ. ಆಮೇಲೆ ಸಾಂಪ್‌ಡೋರಿಯಾ, ರಿಯಲ್ ಮ್ಯಾಡ್ರಿಡ್, ಇಂಟರ್, ಎಸಿ ಮಿಲಾನ್, ಕೊನೆಗೆ ಬ್ರೆಜಿಲ್‌ನ ಬೊಟಫೋಗೊ. ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗನ್ನು ಮೂರು ಬೇರೆ ಬೇರೆ ಕ್ಲಬ್‌ಗಳಿಗಾಗಿ ಗೆದ್ದವರು ಅವರು: 1995ರಲ್ಲಿ ಅಯಾಕ್ಸ್, 1998ರಲ್ಲಿ ರಿಯಲ್, 2003 ಮತ್ತು 2007ರಲ್ಲಿ ಮಿಲಾನ್.

ಸುಮ್ನೆ ಗೋಲುಗಳ ತುಣುಕು ನೋಡಬೇಡಿ. 2007ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಮಿಲಾನ್‌ನ ಸ್ಯಾನ್ ಸಿರೋ ಮೈದಾನದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಪಂದ್ಯ ಪೂರ್ತಿ ನೋಡಿ. ಮಿಲಾನ್ 3-0 ಗೆದ್ದ ರಾತ್ರಿ ಅದು. ಮೊದಲ ಅರ್ಧ ಚೆಂಡನ್ನು ಬಿಟ್ಟು ಸೀಡಾರ್ಫ್ ಒಬ್ಬರನ್ನೇ ಗಮನಿಸಿ. ಚೆಂಡು ಬರುವ ಮೊದಲೇ ತಲೆ ತಿರುಗಿಸಿ ಹಿಂದೆ ಯಾರಿದ್ದಾರೆ ಎಂದು ನೋಡುತ್ತಾರಾ? ಎದುರಾಳಿ ಮೈಮೇಲೆ ಬಿದ್ದಾಗ ಬೆನ್ನು, ಸೊಂಟ ಅಡ್ಡ ಇಟ್ಟು ಚೆಂಡನ್ನು ಹೇಗೆ ಕಾಪಾಡುತ್ತಾರೆ? ಮಿಲಾನ್‌ನ ಜೊತೆಗಾರ ಕಾಕಾ ಹೊಡೆದ ಮೊದಲ ಗೋಲಿಗೆ ತಲೆಯಿಂದ ಚೆಂಡು ಇಳಿಸಿಕೊಟ್ಟದ್ದು ಇವರೇ. ಎರಡನೆಯದು ಇವರದೇ. ಆ ಇಳಿಸಿಕೊಟ್ಟದ್ದು ನನಗೆ ಗೋಲಿಗಿಂತ ಜಾಸ್ತಿ ಇಷ್ಟ.

ನೋಡಿದ ಮೇಲೆ ಮೈದಾನಕ್ಕೆ ಇಳಿಯಿರಿ. ಮೂವರು ತ್ರಿಕೋನವಾಗಿ ನಿಂತು ಪಾಸ್ ಮಾಡಿ, ನಾಲ್ಕನೆಯವನು ಮಧ್ಯದಲ್ಲಿ ಅಟ್ಟಿಸಿಕೊಂಡು ಬರಲಿ. ಪ್ರತಿ ಪಾಸ್‌ಗೂ ಮುಂಚೆ ಭುಜದ ಮೇಲಿಂದ ಒಮ್ಮೆ ನೋಡಲೇಬೇಕು. ಎಡಗಾಲನ್ನೂ ಬಳಸಿ. ಸೀಡಾರ್ಫ್‌ಗೆ ಎರಡೂ ಕಾಲು ನಡೆಯುತ್ತಿತ್ತು, ಹಾಗಾಗಿಯೇ ಬಲಕ್ಕೆ, ಎಡಕ್ಕೆ, ನಡುವಿಗೆ, ಎಲ್ಲಿ ಹಾಕಿದರೂ ಆಡುತ್ತಿದ್ದರು.